ಕಾಯಿಸಿದರೆ ರೋಗಾಣು ಸಾಯುತ್ತದೆ, ಔಷಧಿ ಹಾಗೇ ಉಳಿಯುತ್ತದೆ

ಪ್ರಶ್ನೆ: ಕೆಚ್ಚಲು ಬಾವು ಬಂದ ಹಸುಗಳ ಹಾಲು, ಆಂಟಿಬಯಾಟಿಕ್ ಕೊಟ್ಟ ಹಸುಗಳ ಹಾಲು, ಕರು ಹಾಕಿದ ಮೊದಲ ನಾಲ್ಕೈದು ದಿನಗಳ ಹಾಲು, ಇವು ಯಾವುದನ್ನೂ ಮಾರುವಂತಿಲ್ಲ. ಚೆಲ್ಲುವುದಕ್ಕೂ ಮನಸ್ಸು ಬಾರದು. ಎಲ್ಲವನ್ನೂ ಒಂದೇ ಕ್ಯಾನಿಗೆ ಸುರಿದು ಕರುಗಳಿಗೆ ಕುಡಿಸುತ್ತಿದ್ದೇವೆ. ಈಚೆಗೆ ಕರುಗಳಲ್ಲಿ ಭೇದಿ ಹೆಚ್ಚಾಗಿದೆ. ಕಾಯಿಸಿ ಕೊಟ್ಟರೆ ಸಾಕೇ? ಆಸಿಡ್ ಹಾಕಿ ಹುಳಿ ಮಾಡಿ ಕೊಡುವುದು ಇನ್ನೂ ಒಳ್ಳೆಯದು ಎನ್ನುತ್ತಾರೆ, ಅದು ನಿಜವೇ? ಕೊಡಲೇಬಾರದ ಹಾಲನ್ನು ಎಲ್ಲಿಗೆ ಹಾಕುವುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ‘ಒಂದೇ ಕ್ಯಾನಿಗೆ ಸುರಿದು’ ಎಂಬ ಮಾತು. ಕಾಯಿಸುವ ವಿಚಾರ ಆಮೇಲೆ. ಆ ಕ್ಯಾನಿನಲ್ಲಿ ಒಳ್ಳೆಯ ಹಾಲು, ರೋಗಾಣು ತುಂಬಿದ ಹಾಲು, ಔಷಧಿ ತುಂಬಿದ ಹಾಲು ಮೂರೂ ಸೇರಿಹೋಗಿವೆ. ಒಮ್ಮೆ ಬೆರೆತ ಮೇಲೆ ಎಲ್ಲವನ್ನೂ ಅತಿ ಕೆಟ್ಟ ಹಾಲೆಂದೇ ಲೆಕ್ಕ ಹಿಡಿಯಬೇಕಾಗುತ್ತದೆ. ಗಿಣ್ಣು ಮುಗಿದು ತಿಳಿಯಾಗುತ್ತ ಬರುವ ಎರಡನೇ ದಿನದಿಂದ ಐದನೇ ದಿನದವರೆಗಿನ ಹಾಲು ಕರುವಿಗೆ ಸಿಗಬಹುದಾದ ಅತ್ಯುತ್ತಮ ಆಹಾರ. ಅದರಲ್ಲಿ ಕೊಬ್ಬು, ಪ್ರೋಟೀನ್ ಮಾಮೂಲಿ ಹಾಲಿಗಿಂತ ಹೆಚ್ಚಿರುತ್ತವೆ. ಅದನ್ನು ಬಾವಿನ ಹಾಲಿಗೆ ಬೆರೆಸಿ ನೀವೇ ಕೆಡಿಸುತ್ತಿದ್ದೀರಿ. ಹಾಗಾಗಿ ಇವತ್ತಿನಿಂದಲೇ ಮೂರು ಪಾತ್ರೆ ಇಟ್ಟುಕೊಳ್ಳಿ. ಇದಕ್ಕೆ ಯಂತ್ರವೂ ಬೇಡ, ಬೆಂಕಿಯೂ ಬೇಡ.

ಮಾರಲಾಗದ ಹಾಲಿನಲ್ಲಿರುವ ಅಪಾಯ ಎರಡು ಬಗೆಯದು. ಒಂದು ರೋಗಾಣು, ಇನ್ನೊಂದು ಔಷಧಿಯ ಉಳಿಕೆ. ಮೊದಲನೆಯದನ್ನು ಶಾಖದಿಂದ ಕೊಲ್ಲಬಹುದು. ಎರಡನೆಯದು ಶಾಖಕ್ಕೆ ಬಹುಮಟ್ಟಿಗೆ ಜಗ್ಗುವುದಿಲ್ಲ. ಪೆನಿಸಿಲಿನ್ ಆಗಲಿ, ಸೆಫಲೋಸ್ಪೋರಿನ್ ಆಗಲಿ, ಟೆಟ್ರಾಸೈಕ್ಲಿನ್ ಆಗಲಿ, ಪಾಶ್ಚರೀಕರಣದ (ರೋಗಾಣು ಸಾಯುವಂತೆ ಹಾಲನ್ನು ಗೊತ್ತಾದ ಶಾಖದಲ್ಲಿ ಗೊತ್ತಾದ ಹೊತ್ತು ಕಾಯಿಸುವ ಕ್ರಮ) ಶಾಖದಲ್ಲಿ ನಾಶವಾಗುವುದು ತೀರಾ ಅಲ್ಪ. ಫ್ರೀಜರಿನಲ್ಲಿಟ್ಟರೂ ಅಷ್ಟೇ, ಹುಳಿ ಮಾಡಿದರೂ ಅಷ್ಟೇ. ‘ಚೆನ್ನಾಗಿ ಕುದಿಸಿದ್ದೇವೆ ಡಾಕ್ಟ್ರೇ’ ಎಂದು ಆಂಟಿಬಯಾಟಿಕ್ ಹಾಲನ್ನು ಧೈರ್ಯವಾಗಿ ಕುಡಿಸುವವರು ಬಹಳ ಜನ ಇದ್ದಾರೆ. ಅವರು ರೋಗಾಣುವಿಲ್ಲದ ಔಷಧಿ ಹಾಲು ಕುಡಿಸುತ್ತಿದ್ದಾರೆ, ಅಷ್ಟೇ.

ಆ ಔಷಧಿ ಹಾಲಿನಿಂದ ಏನಾಗುತ್ತದೆ? ಕರು ಅಲ್ಲೇ ಬಿದ್ದು ಸಾಯುವುದಿಲ್ಲ, ಆದ್ದರಿಂದಲೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಚಿಕಿತ್ಸೆಗೆ ಸಾಲದಷ್ಟು, ಆದರೆ ಬ್ಯಾಕ್ಟೀರಿಯಾಗಳಿಗೆ ತಾಕುವಷ್ಟು ಔಷಧಿ ದಿನಾ ಕರುಳಿಗೆ ಇಳಿಯುತ್ತದೆ. ಸುಲಭಕ್ಕೆ ಸಾಯುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಔಷಧಿಗೆ ಬಗ್ಗದವು ಉಳಿದು ಬೆಳೆಯುತ್ತವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಇದೇ ವಿಷಯದ ಮೇಲೆ ವರದಿ ಕೊಟ್ಟಿತು. ಆಂಟಿಬಯಾಟಿಕ್ ಉಳಿಕೆಯಿರುವ ಹಾಲು ಕುಡಿದ ಕರುಗಳ ಸಗಣಿಯಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ ಎಂಬುದು ಅದರ ತೀರ್ಮಾನ. ಮುಂದೊಂದು ದಿನ ಅದೇ ಕರುವಿಗೆ ನ್ಯುಮೋನಿಯಾ ಬಂದು ನೀವು ಇಂಜೆಕ್ಷನ್ ಕೊಡಿಸಿದಾಗ ಔಷಧಿ ಕೆಲಸ ಮಾಡದಿದ್ದರೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಮಾಂಸಕ್ಕೆ ಹೋಗುವ ಗಂಡು ಕರುಗಳಿಗೆ ಕೊಟ್ಟರೆ ಆಗಬಹುದಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಇನ್ನೊಂದು ತೊಡಕಿದೆ: ಔಷಧಿ ಮಾಂಸಕ್ಕೆ ಬರುತ್ತದೆ, ಮಾಂಸದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಔಷಧಿ ಕೊಟ್ಟ ನಂತರದ ಮೊದಲ ಕೆಲವು ಹೊತ್ತಿನ ಹಾಲಿನಲ್ಲಿ ಔಷಧಿ ಅತಿ ಹೆಚ್ಚು. ಪ್ರತಿ ಬಾರಿ ಹಿಂಡಿದಂತೆಲ್ಲ ಅದು ಇಳಿಯುತ್ತ ಹೋಗುತ್ತದೆ. ಕೆಚ್ಚಲಿಗೆ ಔಷಧಿಯ ಟ್ಯೂಬ್ ಹಾಕಿದ್ದರೆ ಮೊದಲೆರಡು ಹೊತ್ತಿನ ಹಾಲಿನಲ್ಲಿ ಔಷಧಿಯೇ ಕಣ್ಣಿಗೆ ಕಾಣುವುದುಂಟು. ಔಷಧಿ ಹಾಲನ್ನು ಕರುವಿಗೆ ಕೊಡದಿರುವುದೇ ಸರಿ ಎಂಬುದು ನನ್ನ ನಿಲುವು. ಅಷ್ಟು ಹಾಲನ್ನು ಬಿಡಲು ಸಾಧ್ಯವೇ ಇಲ್ಲ ಎನ್ನುವ ಫಾರ್ಮಿನವರು ಚಿಕಿತ್ಸೆ ನಡೆಯುತ್ತಿರುವ ದಿನಗಳ ಹಾಲನ್ನಾದರೂ ಪೂರ್ತಿ ಬಿಡಲಿ. ಚಿಕಿತ್ಸೆ ಮುಗಿದು, ಲೇಬಲ್ಲಿನಲ್ಲಿ ಬರೆದ ವಿತ್‌ಡ್ರಾವಲ್ ಅವಧಿಯ (ಔಷಧಿ ಕೊಟ್ಟ ಮೇಲೆ ಹಾಲು ಮಾರಬಾರದ ದಿನಗಳ) ಕೊನೆಕೊನೆಯ ಹಾಲನ್ನು ಕಾಯಿಸಿ ಕೊಟ್ಟರೆ ಅಪಾಯ ಇಲ್ಲವೆಂದಲ್ಲ, ಕಡಿಮೆ. ಪೆನಿಸಿಲಿನ್ ಗುಂಪಿನ ಔಷಧಿಗಳನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ಇದೆ. ಪ್ರಯೋಗಗಳಲ್ಲಿ ಅದು ಕೆಲಸ ಮಾಡುತ್ತದೆ, ಆದರೆ ಆ ಗುಂಪಿನ ಆಚೆಗಿನ ಔಷಧಿಗಳ ತಂಟೆಗೆ ಹೋಗುವುದಿಲ್ಲ. ಕೊಟ್ಟಿಗೆಯಲ್ಲಿ ನಂಬಿ ಕೂರುವಂಥದ್ದಲ್ಲ.

ಇಲ್ಲೇ ಒಂದು ಮಾತು. ಹಾಲು ಬತ್ತಿಸುವಾಗ ಕೆಚ್ಚಲಿಗೆ ಔಷಧಿ ಹಾಕಿದ ಹಸು ಲೆಕ್ಕಕ್ಕಿಂತ ಮುಂಚೆಯೇ ಕರು ಹಾಕಿದರೆ ಅದರ ಗಿಣ್ಣಿನಲ್ಲೂ ಔಷಧಿ ಇರುತ್ತದೆ. ದಿನಾಂಕ ಬರೆದಿಡುವ ಅಭ್ಯಾಸ ಇಲ್ಲದ ಕಡೆ ಇದು ಗೊತ್ತೇ ಆಗುವುದಿಲ್ಲ.

ಈಗ ರೋಗಾಣುಗಳ ವಿಷಯ. ಹಸಿ ಹಾಲಿನ ಮೂಲಕ ಕರುವಿಗೆ ದಾಟಬಲ್ಲವು ಒಂದೆರಡಲ್ಲ. ಸಾಲ್ಮೊನೆಲ್ಲಾ ಮತ್ತು ಇ. ಕೋಲೈ ಭೇದಿ ತರುತ್ತವೆ. ಮೈಕೋಪ್ಲಾಸ್ಮಾ ಬೋವಿಸ್ ನ್ಯುಮೋನಿಯಾ, ಕಿವಿ ಸೋಂಕು, ಕೀಲು ಬಾವು ತರುತ್ತದೆ. ಕರುವಿನ ಒಂದು ಕಿವಿ ಜೋತುಬಿದ್ದು ತಲೆ ವಾಲಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ತೀರದ ಭೇದಿ ತರುವ ಜೋನ್ಸ್ ಕಾಯಿಲೆ, ಕ್ಷಯ, ಕಂದು ಹಾಕಿಸುವ ಬ್ರುಸೆಲ್ಲಾ ಕೂಡ ಹಾಲಿನಲ್ಲಿ ಬರುತ್ತವೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾದಾಗ ಸೋಂಕಿತ ಹಸುಗಳ ಹಸಿ ಹಾಲಿನಲ್ಲಿ ವೈರಸ್ ಭಾರೀ ಪ್ರಮಾಣದಲ್ಲಿತ್ತು, ಅದನ್ನು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಪಾಶ್ಚರೀಕರಣಕ್ಕೆ ಆ ವೈರಸ್ ಉಳಿಯಲಿಲ್ಲ. ಹಸಿ ಹಾಲು ಬೇಡ ಎನ್ನುವುದಕ್ಕೆ ಇದಕ್ಕಿಂತ ಈಚಿನ ಉದಾಹರಣೆ ಬೇಕಿಲ್ಲ.

ಕಾಯಿಸುವುದಕ್ಕೆ ಎರಡು ಲೆಕ್ಕಗಳಿವೆ. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಇದು ಒಂದು ಪಾತ್ರೆ ತುಂಬ ಹಾಲನ್ನು ಒಟ್ಟಿಗೆ ಕಾಯಿಸುವ ಕ್ರಮ. ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡ್, ಇದು ಹಾಲು ಕೊಳವೆಯಲ್ಲಿ ಹರಿಯುತ್ತಲೇ ಬಿಸಿಯಾಗುವ ಯಂತ್ರದ ಕ್ರಮ. 30 ನಿಮಿಷದ ಎಣಿಕೆ ಶುರುವಾಗುವುದು ಒಲೆ ಹಚ್ಚಿದಾಗಿನಿಂದಲ್ಲ, ಪಾತ್ರೆಯ ಮೂಲೆಮೂಲೆಯ ಹಾಲೂ 63 ಮುಟ್ಟಿದ ಮೇಲೆ. ಕೈಯಾಡಿಸದೆ ಬಿಟ್ಟರೆ ತಳ ಸೀದಿರುತ್ತದೆ, ಅಂಚು ಉಗುರು ಬೆಚ್ಚಗಿರುತ್ತದೆ. ಮೇಲಿನ ನೊರೆ ಹಾಲಿಗಿಂತ ತಣ್ಣಗಿರುವುದರಿಂದ ಅದರಲ್ಲಿ ಬ್ಯಾಕ್ಟೀರಿಯಾ ಬದುಕಿ ಉಳಿಯುತ್ತವೆ. ಹಾಗಾಗಿ ನೊರೆ ಏಳದಂತೆ ನಿಧಾನಕ್ಕೆ ಕಲಕಿ, ಪಾತ್ರೆ ಮುಚ್ಚಿಡಿ. ದೊಡ್ಡ ಪಾತ್ರೆಯ ನೀರಿನೊಳಗೆ ಹಾಲಿನ ಪಾತ್ರೆ ಇಟ್ಟು ಕಾಯಿಸಿದರೆ ಶಾಖ ಸಮನಾಗಿ ಹರಡುತ್ತದೆ, ತಳ ಹಿಡಿಯುವುದಿಲ್ಲ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಅದು ಸರಿಯಿದೆಯೇ ಎಂದು ಆಗಾಗ ಕರಗುತ್ತಿರುವ ಐಸ್ ನೀರಿನಲ್ಲಿ ಅದ್ದಿ ನೋಡಿ, ಸೊನ್ನೆ ತೋರಿಸಬೇಕು.

ನಿಮ್ಮಲ್ಲಿ ಕರುಗಳು ನಾಲ್ಕಾರು ಮಾತ್ರ ಇದ್ದು ಥರ್ಮಾಮೀಟರ್ ಹಿಡಿದು ಅರ್ಧ ಗಂಟೆ ನಿಲ್ಲುವವರಿಲ್ಲದಿದ್ದರೆ, ಹಾಲನ್ನು ಕೈಯಾಡಿಸುತ್ತ ಕುದಿ ಬರಿಸಿಬಿಡಿ. ಪುಸ್ತಕ ಓದಿದವರು ಇದಕ್ಕೆ ತಕರಾರು ತೆಗೆಯುತ್ತಾರೆ: ಕುದಿಸಿದರೆ ಹಾಲೊಡಕಿನ ಪ್ರೋಟೀನ್ ಕೆಡುತ್ತದೆ, ಕರುವಿನ ಹೊಟ್ಟೆಯಲ್ಲಿ ಹಾಲು ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ, ಕೆಲವು ವಿಟಮಿನ್ ಹೋಗುತ್ತವೆ ಎಂದು. ಆ ಮಾತು ಸುಳ್ಳಲ್ಲ. ಆದರೂ ಅರೆಬರೆ ಪಾಶ್ಚರೀಕರಣಕ್ಕಿಂತ ಪೂರ್ತಿ ಕುದಿಸಿದ ಹಾಲು ಮೇಲು. 55 ಡಿಗ್ರಿಗೆ ಏರಿಸಿ ಇಳಿಸಿದ ಹಾಲು ಬಿಸಿ ಮಾಡಿದ್ದೇವೆ ಎಂಬ ಸಮಾಧಾನ ಕೊಡುತ್ತದೆಯೇ ಹೊರತು ಬೇರೇನನ್ನೂ ಕೊಡುವುದಿಲ್ಲ.

ಗಿಣ್ಣಿಗೆ ಈ ಯಾವ ಲೆಕ್ಕವೂ ಸಲ್ಲದು. 63 ಡಿಗ್ರಿಗೇ ಅದು ಗಟ್ಟಿಯಾಗತೊಡಗುತ್ತದೆ, ಕರುವನ್ನು ಕಾಯುವ ಪ್ರತಿಕಾಯಗಳು ಹಾಳಾಗುತ್ತವೆ. ಗಿಣ್ಣನ್ನು ಕಾಯಿಸಲೇಬೇಕೆಂದರೆ 60 ಡಿಗ್ರಿಯಲ್ಲಿ 60 ನಿಮಿಷ, ಒಂದು ಡಿಗ್ರಿಯೂ ಹೆಚ್ಚಾಗದಂತೆ. ಅದಕ್ಕೆ ಒಳ್ಳೆಯ ಉಪಕರಣ ಬೇಕು. ಇಲ್ಲದವರು ಆರೋಗ್ಯವಂತ ಹಸುವಿನ ಗಿಣ್ಣನ್ನು ಶುಚಿಯಾಗಿ ಹಿಂಡಿ, ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಿಬಿಡುವುದು ಲೇಸು. ಹುಟ್ಟಿದ ಮೊದಲ ದಿನ ಕರುವಿನ ಕರುಳು ಪ್ರತಿಕಾಯಗಳನ್ನು ಒಳಬಿಟ್ಟುಕೊಳ್ಳಲು ತೆರೆದೇ ಇರುತ್ತದೆ, ಅದೇ ದಾರಿಯಲ್ಲಿ ರೋಗಾಣುಗಳೂ ನುಗ್ಗಬಲ್ಲವು. ಆ ದಿನ ಕ್ಯಾನಿನ ಹಾಲು ಅದರ ಬಾಯಿಗೆ ಹೋಗಲೇಬಾರದು.

ಪಾಶ್ಚರೀಕರಣ ಎಂದರೆ ರೋಗಾಣುಗಳೆಲ್ಲ ನಿರ್ನಾಮ ಎಂದು ತಿಳಿಯಬೇಡಿ. ಅದು ಒಂದು ಪಾಲನ್ನು ಕೊಲ್ಲುತ್ತದೆ, ಉಳಿದದ್ದು ಉಳಿಯುತ್ತದೆ. ನೂರಕ್ಕೆ 99.99 ಪಾಲು ಸಾಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಮಿ.ಲೀ. ಹಾಲಿನಲ್ಲಿ 10 ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಕಾಯಿಸಿದ ಮೇಲೆ 100 ಉಳಿಯುತ್ತವೆ. 10 ಕೋಟಿ ಇದ್ದರೆ 10,000 ಉಳಿಯುತ್ತವೆ. ಯಂತ್ರ ಅದೇ, ಶಾಖ ಅದೇ, ಫಲಿತಾಂಶ ಮಾತ್ರ ಬೇರೆ. 10 ಲಕ್ಷ 10 ಕೋಟಿ ಆಗುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಬೆಚ್ಚಗಿನ ಹಾಲಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಆ ವೇಗದಲ್ಲಿ ಮೂರು ಗಂಟೆಯಲ್ಲಿ 500 ಪಟ್ಟು ದಾಟುತ್ತವೆ. ಬೆಳಿಗ್ಗೆ ಹಿಂಡಿದ ಬಾವಿನ ಹಾಲು ಸಂಜೆವರೆಗೆ ಕೊಟ್ಟಿಗೆಯ ಮೂಲೆಯಲ್ಲಿ ಕೂತಿದ್ದರೆ ಆಮೇಲೆ ಎಷ್ಟು ಕಾಯಿಸಿದರೂ ಪೂರ್ತಿ ಫಲ ಸಿಗದು. ಅಲ್ಲದೆ ಇ. ಕೋಲೈ ತರಹದ ಬ್ಯಾಕ್ಟೀರಿಯಾಗಳು ಸತ್ತ ಮೇಲೂ ಅವುಗಳ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷ ಹಾಲಿನಲ್ಲೇ ಉಳಿಯುತ್ತದೆ, ಶಾಖಕ್ಕೆ ಅದು ಹೆದರುವುದಿಲ್ಲ.

ಆದ್ದರಿಂದ ಹಿಂಡಿದ ಹಾಲನ್ನು ಒಂದೋ ತಕ್ಷಣ ಕಾಯಿಸಿ ಕುಡಿಸಿ, ಇಲ್ಲವೇ ಎರಡು ಗಂಟೆಯೊಳಗೆ 4 ಡಿಗ್ರಿಗೆ ತಣಿಸಿ. ಕಾಯಿಸಿದ ನಂತರವೂ ಅಷ್ಟೇ. 38ರಿಂದ 40 ಡಿಗ್ರಿಗೆ ಇಳಿಯುತ್ತಿದ್ದಂತೆ ಕುಡಿಸಿಬಿಡಿ. ಮುಂದಿನ ಹೊತ್ತಿಗೆ ಬೇಕಿದ್ದರೆ ಮುಚ್ಚಿ ತಣ್ಣಗಿಡಿ. ಕಾಯಿಸಿದ ಹಾಲನ್ನು ಹಸಿ ಹಾಲಿದ್ದ ಬಕೆಟ್ಟಿಗೇ ಮತ್ತೆ ಸುರಿಯುವುದು ನಾನು ಕಂಡಿರುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು. ಯಂತ್ರ ಕೊಂಡವರೂ ಇದನ್ನು ಮಾಡುತ್ತಾರೆ. ಪಾತ್ರೆ, ಬಾಟಲಿ, ನಿಪ್ಪಲ್‌ಗಳನ್ನು ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಜಾಲಿಸಿ. ಮೊದಲೇ ಕುದಿ ನೀರು ಹಾಕಿದರೆ ಹಾಲಿನ ಪ್ರೋಟೀನ್ ಪಾತ್ರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿ ನೀರು, ಡಿಟರ್ಜೆಂಟ್, ಬ್ರಷ್. ಕೊನೆಗೆ ಬೋರಲು ಹಾಕಿ ಪೂರ್ತಿ ಒಣಗಿಸಿ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಲ್ಯಾಬ್ ಸಿಗುವುದಾದರೆ ಮೂರು ಸ್ಯಾಂಪಲ್ ಕಳಿಸಿ: ಕಾಯಿಸುವ ಮುಂಚಿನದು, ಕಾಯಿಸಿದ ಕೂಡಲೇ ತೆಗೆದದ್ದು, ಕಟ್ಟಕಡೆಯ ಕರುವಿನ ಬಕೆಟ್ಟಿನದು. ಕಾಯಿಸಿದ ಹಾಲಿನಲ್ಲಿ ಮಿ.ಲೀ.ಗೆ 20,000ಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಇರಬೇಕು ಎಂಬುದು ಸಾಮಾನ್ಯ ಗುರಿ. ಎರಡನೇ ಸ್ಯಾಂಪಲ್ಲೇ ಕೆಟ್ಟಿದ್ದರೆ ದೋಷ ಶಾಖದಲ್ಲಿ ಅಥವಾ ಮೂಲ ಹಾಲಿನಲ್ಲಿ. ಎರಡನೆಯದು ಚೆನ್ನಾಗಿದ್ದು ಮೂರನೆಯದು ಕೆಟ್ಟಿದ್ದರೆ ದೋಷ ನಿಮ್ಮ ಬಕೆಟ್ಟಿನಲ್ಲಿ.

ಕಾಯಿಸಿದರೂ ಕೊಡಬಾರದ ಹಾಲುಗಳಿವೆ. ರಕ್ತ ಬೆರೆತದ್ದು, ನೀರಿನಂತೆ ತೆಳುವಾದದ್ದು, ಹೆಪ್ಪುಗಳಿರುವುದು, ಕೆಟ್ಟ ವಾಸನೆಯದು. ಜ್ವರ ಬಂದು ಮೇವು ಬಿಟ್ಟು ಮಲಗಿದ, ಇ. ಕೋಲೈ ಬಾವಿನ ಹಸುವಿನದು. ಜೋನ್ಸ್ ಕಾಯಿಲೆ ಇರುವ ಅಥವಾ ಅನುಮಾನವಿರುವ ಹಸುವಿನದು. ಆ ಬ್ಯಾಕ್ಟೀರಿಯಾ ಶಾಖಕ್ಕೆ ಗಟ್ಟಿ, ಪಾಶ್ಚರೀಕರಣದಲ್ಲಿ ಬಹುಪಾಲು ಸತ್ತರೂ ಕೆಲವು ಉಳಿಯಬಹುದು. ಕರುವಾಗಿದ್ದಾಗ ಹತ್ತಿದ ಸೋಂಕು ವರ್ಷಗಳ ನಂತರ, ಅದು ಹಾಲು ಕೊಡುವ ಹಸುವಾದಾಗ, ತೀರದ ಭೇದಿಯಾಗಿ ಹೊರಬೀಳುತ್ತದೆ. ಕಾಲುಬಾಯಿ ಜ್ವರ ಬಂದ ಹಸುವಿನ ಹಾಲೂ ಬೇಡ. ಹಾಲಿನ ಕೊಬ್ಬು ಮತ್ತು ಪ್ರೋಟೀನ್ ಆ ವೈರಸ್ಸಿಗೆ ಆಸರೆಯಾಗುವುದರಿಂದ ಮಾಮೂಲಿ ಪಾಶ್ಚರೀಕರಣ ಅದಕ್ಕೆ ಸಾಲದು.

ಇನ್ನು ಆಸಿಡ್. ಇದು ಹೊಸದೇನಲ್ಲ, ಕೆನಡಾದ ಒಂಟಾರಿಯೊದಲ್ಲಿ ಫಾರ್ಮಿಕ್ ಆಸಿಡ್ ಹಾಕಿದ ಹಾಲನ್ನು ಕರುಗಳಿಗೆ ದಿನವಿಡೀ ಬೇಕಾದಷ್ಟು ಕುಡಿಯಲು ಬಿಡುವ ಪದ್ಧತಿ ಸಾಕಷ್ಟು ಬಳಕೆಯಲ್ಲಿದೆ. ಹಾಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.0ರಿಂದ 4.2ಕ್ಕೆ ಇಳಿದರೆ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯಲಾರವು, ಹೊತ್ತು ಕಳೆದಂತೆ ಹಲವು ಸಾಯುತ್ತವೆ. ‘ಹೊತ್ತು ಕಳೆದಂತೆ’ ಎಂಬುದನ್ನು ಜನ ಮರೆಯುತ್ತಾರೆ. ಹಾಕಿದ ತಕ್ಷಣ ಕುಡಿಸಿದರೆ ಪ್ರಯೋಜನವಿಲ್ಲ, 10ರಿಂದ 12 ಗಂಟೆ ಬಿಡಬೇಕು. ಪಿಎಚ್ 5ರ ಹತ್ತಿರವೇ ನಿಂತುಬಿಟ್ಟರೆ ಮೈಕೋಪ್ಲಾಸ್ಮಾ, ಸಾಲ್ಮೊನೆಲ್ಲಾ ಮರುದಿನವೂ ಜೀವಂತ ಇರಬಲ್ಲವು. 4ಕ್ಕಿಂತ ಕೆಳಗಿಳಿದರೆ ಕರುಗಳು ಮೂತಿ ತಿರುಗಿಸುತ್ತವೆ. ಆದ್ದರಿಂದ ಪಿಎಚ್ ಮೀಟರ್ ಅಥವಾ ಪಟ್ಟಿ ಇಲ್ಲದೆ ಅಂದಾಜಿನ ಮೇಲೆ ಮಾಡುವ ಕೆಲಸ ಇದಲ್ಲ.

ಮಾಡುವ ಬಗೆ ಹೀಗೆ. 85 ಪರ್ಸೆಂಟ್ ಫಾರ್ಮಿಕ್ ಆಸಿಡ್ ಒಂದು ಪಾಲಿಗೆ ಒಂಬತ್ತು ಪಾಲು ನೀರು. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರನ್ನಲ್ಲ. ಈ ದ್ರಾವಣ ಲೀಟರ್ ಹಾಲಿಗೆ ಸುಮಾರು 30 ಮಿ.ಲೀ. ಬೇಕಾಗುತ್ತದೆ. ಹಾಲು ಚೆನ್ನಾಗಿ ತಣ್ಣಗಿರಬೇಕು, ಬೆಚ್ಚಗಿನ ಹಾಲಿಗೆ ಹಾಕಿದರೆ ಒಡೆದು ಮುದ್ದೆಯಾಗುತ್ತದೆ. ಹಾಕುವಾಗ ಬಿಡದೆ ಕಲಕಿ, ಆಮೇಲೂ ದಿನಕ್ಕೆ ಮೂರು ಸಲ ಕಲಕಿ. ಈ ಆಸಿಡ್ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು. ಕೈಗವಸು, ಕನ್ನಡಕ ಇಲ್ಲದೆ ಕ್ಯಾನಿನ ಮುಚ್ಚಳವನ್ನೇ ತೆಗೆಯಬೇಡಿ, ಮಕ್ಕಳಿಗೆ ಸಿಗುವಲ್ಲಿ ಇಡಲೇಬೇಡಿ. ‘ಇನ್ನೂ ಒಳ್ಳೆಯದು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾವಿನ ಹಾಲಿಗೆ ನನ್ನ ಆಯ್ಕೆ ಶಾಖವೇ. ಕಾಯಿಸಿ ತಣಿಸಿದ ಹಾಲು ಕೆಡದಂತೆ ಇಡುವುದಕ್ಕೆ ಆಸಿಡ್ ಒಳ್ಳೆಯ ಜೊತೆ. ಹಾಲನ್ನು ತಾನಾಗಿ ಹುಳಿಯಲು ಬಿಡುವುದು ಬೇರೆಯೇ ವಿಷಯ. ಅಲ್ಲಿ ಯಾವ ಬ್ಯಾಕ್ಟೀರಿಯಾ ಗೆಲ್ಲುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ, ಆಂಟಿಬಯಾಟಿಕ್ ಇದ್ದರಂತೂ ಹಾಲು ಹುಳಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳೇ ಮೊದಲು ಸಾಯುತ್ತವೆ. ಅಲ್ಟ್ರಾವಯೊಲೆಟ್ ಬೆಳಕಿನ ಯಂತ್ರಗಳೂ ಬಂದಿವೆ. ಹಾಲು ನೀರಿನಂತೆ ಪಾರದರ್ಶಕವಲ್ಲದ್ದರಿಂದ ಬೆಳಕು ಒಳಗಿಳಿಯುವುದು ಕಷ್ಟ, ನಾನು ಅದರ ಹಿಂದೆ ಹೋಗುವುದಿಲ್ಲ.

ಇಷ್ಟೆಲ್ಲ ರಗಳೆ ಯಾಕೆ, ಹಾಲಿನ ಪುಡಿ ಕೊಟ್ಟರಾಯಿತು ಎನಿಸಬಹುದು. ಮಿನ್ನೆಸೋಟ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಶ್ಚರೀಕರಿಸಿದ ಮಾರಲಾಗದ ಹಾಲು ಕುಡಿದ ಕರುಗಳು ಮಾಮೂಲಿ ಪುಡಿ ಹಾಲು ಕುಡಿದವಕ್ಕಿಂತ ಚೆನ್ನಾಗಿ ಬೆಳೆದವು. ಸಾವು ಪುಡಿ ಹಾಲಿನ ಗುಂಪಿನಲ್ಲಿ ನೂರಕ್ಕೆ 11ಕ್ಕೂ ಹೆಚ್ಚು, ಪಾಶ್ಚರೀಕರಿಸಿದ ಹಾಲಿನ ಗುಂಪಿನಲ್ಲಿ ಎರಡರ ಆಸುಪಾಸು. ಅದರಲ್ಲಿ ಪವಾಡವೇನೂ ಇಲ್ಲ, ಹಾಲಿನಲ್ಲಿ ಪುಡಿಗಿಂತ ಕೊಬ್ಬು, ಪ್ರೋಟೀನ್, ಶಕ್ತಿ ಹೆಚ್ಚಿತ್ತು. ಅಂದರೆ ಜೋಪಾನವಾಗಿ ಬಳಸಿದರೆ ಈ ಹಾಲು ನಿಜಕ್ಕೂ ಬೆಲೆಯುಳ್ಳದ್ದು.

ಆದರೆ ಅದರ ಗಟ್ಟಿತನ ದಿನದಿನಕ್ಕೆ ಬದಲಾಗುತ್ತದೆ. ಒಳ್ಳೆಯ ಹಾಲಿನಲ್ಲಿ ಘನಾಂಶ, ಅಂದರೆ ನೀರು ಬಿಟ್ಟು ಉಳಿದದ್ದು, ನೂರಕ್ಕೆ 12ರಿಂದ 13. ಹಾಲಿನ ಪೈಪು ತೊಳೆದ ನೀರು ಸೇರಿದರೆ ಅದು ಅರ್ಧಕ್ಕೂ ಇಳಿಯುತ್ತದೆ, ಗಿಣ್ಣು ಹೆಚ್ಚು ಸೇರಿದ ದಿನ ಏರುತ್ತದೆ. ಇವತ್ತು ಗಟ್ಟಿ, ನಾಳೆ ನೀರು ಎಂದಾದರೆ ಹೊಟ್ಟೆ ಕೆಡಲು ರೋಗಾಣುವೇ ಬೇಕಿಲ್ಲ. ಗಿಣ್ಣಿನ ಗಟ್ಟಿತನ ಅಳೆಯಲು ಬ್ರಿಕ್ಸ್ ರಿಫ್ರ್ಯಾಕ್ಟೋಮೀಟರ್ ಎಂಬ ಸಣ್ಣ ಉಪಕರಣ ಇಟ್ಟುಕೊಂಡಿದ್ದರೆ ಅದರಲ್ಲೇ ಹಾಲನ್ನೂ ನೋಡಬಹುದು: ತೋರಿಸಿದ ಅಂಕಿಗೆ 2 ಕೂಡಿಸಿದರೆ ಘನಾಂಶ ಸುಮಾರಾಗಿ ಸಿಗುತ್ತದೆ. ಕಡಿಮೆ ಬಿದ್ದ ದಿನ ಒಳ್ಳೆಯ ಹಾಲು ಅಥವಾ ಕರುಗಳ ಹಾಲಿನ ಪುಡಿ ಸೇರಿಸಿ ಸರಿದೂಗಿಸಿ. ಕರುಗಳು ಒಂದನ್ನೊಂದು ಚೀಪದಂತೆ ಬೇರೆ ಬೇರೆ ಕಟ್ಟಿ. ಬಾವಿನ ಹಾಲು ಕುಡಿದ ಬಾಯಿಯಿಂದ ಪಕ್ಕದ ಹೆಣ್ಣು ಕರುವಿನ ಮೊಲೆ ಚೀಪಿದರೆ ಮುಂದೆ ಅದರ ಕೆಚ್ಚಲಿಗೇ ಕಂಟಕ. ಎಲ್ಲ ಕರುಗಳಿಗೂ ಸಾಲುವಷ್ಟು ಮಾರಲಾಗದ ಹಾಲು ನಿಮ್ಮಲ್ಲಿ ವರ್ಷವಿಡೀ ಸಿಗುತ್ತಿದ್ದರೆ, ನೋಡಬೇಕಾದದ್ದು ಕರುಗಳನ್ನಲ್ಲ, ಹಸುಗಳ ಕೆಚ್ಚಲನ್ನು.

ಭೇದಿಯ ಬಗ್ಗೆ: ಅದಕ್ಕೆ ಹಾಲೇ ಕಾರಣ ಎಂದು ಪತ್ರ ನೋಡಿ ಹೇಳಲಾಗದು. ಭೇದಿ ತರುವ ರೋಟಾವೈರಸ್, ಕ್ರಿಪ್ಟೋಸ್ಪೊರಿಡಿಯಂ ಎಂಬ ರೋಗಾಣುಗಳು ಸಾಮಾನ್ಯವಾಗಿ ಹಾಲಿನಿಂದಲ್ಲ, ಗಲೀಜು ನೆಲ ಮತ್ತು ಪಾತ್ರೆಗಳಿಂದ ಬರುತ್ತವೆ. ನಿಮ್ಮ ಪಶುವೈದ್ಯರಿಂದ ಸಗಣಿ ಪರೀಕ್ಷೆ ಮಾಡಿಸಿ. ಭೇದಿಯಾದ ಕರುವಿಗೆ ಹಾಲು ನಿಲ್ಲಿಸಬೇಡಿ, ಹಾಲಿನ ಜೊತೆಗೆ, ಬೇರೆ ಹೊತ್ತಿನಲ್ಲಿ, ಲವಣ ದ್ರಾವಣ ಕುಡಿಸಿ. ಏಳಲಾರದೆ ಮಲಗಿದ, ಕಣ್ಣು ಒಳಸೇರಿದ, ಚೀಪಲಾಗದ ಕರುವಿಗೆ ಮನೆ ಮದ್ದಿನ ಹೊತ್ತು ಮೀರಿದೆ, ಅದಕ್ಕೆ ರಕ್ತನಾಳಕ್ಕೇ ದ್ರವ ಹಾಕಿಸಬೇಕು.

ಕೊಡಲಾಗದ ಹಾಲನ್ನು ಚರಂಡಿಗೋ ಹಳ್ಳಕ್ಕೋ ಬಿಡಬೇಡಿ. ಹಾಲು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಮೀನುಗಳು ಸಾಯುತ್ತವೆ. ಸ್ವಲ್ಪ ಸ್ವಲ್ಪವಾಗಿ ಗೊಬ್ಬರದ ಗುಂಡಿಗೆ, ಒಣ ಹುಲ್ಲು ಸಗಣಿಯ ನಡುವೆ ಸುರಿಯಿರಿ. ದನ, ನಾಯಿ, ಬೆಕ್ಕು ಮುಟ್ಟದಂತೆ ಮೇಲೆ ಮುಚ್ಚಿ. ಸಗಣಿ ಗ್ಯಾಸ್ ಘಟಕವಿದ್ದರೂ ಆಂಟಿಬಯಾಟಿಕ್ ಹಾಲನ್ನು ಒಮ್ಮೆಲೇ ಹೆಚ್ಚು ಹಾಕಬೇಡಿ, ಅನಿಲ ಉಂಟುಮಾಡುವ ಬ್ಯಾಕ್ಟೀರಿಯಾಗಳಿಗೂ ಆ ಔಷಧಿಯಿಂದ ಪೆಟ್ಟು ಬೀಳಬಹುದು.